ಪಟ್ಟಿಯಲ್ಲಿಲ್ಲದ ಹಳದಿ ಗುಳಿಗೆ

ಫಾರ್ಮಿನ ಮೂರನೆಯ ಪುಟದಲ್ಲಿ ‘ಇಲ್ಲ’ ಎಂಬ ಚೌಕಕ್ಕೆ ಗುರುತು ಹಾಕಿದ್ದು ತಪ್ಪಾಯಿತೇನೋ. ಆ ಸಂಜೆ ಡೈರಿಯಲ್ಲಿ ಇಷ್ಟನ್ನೇ ಬರೆದೆ. ಬರೆದು ನೋಡಿದರೆ ತೀರಾ ಸಣ್ಣ ಮಾತಾಗಿ ಕಂಡಿತು. ಕೆಳಗೆ ‘ಸುಮ್ಮನೆ ಚಿಂತೆ’ ಎಂದು ಸೇರಿಸಿ ಮುಚ್ಚಿಟ್ಟೆ.

ಪ್ರಶ್ನೆ ಇದ್ದದ್ದು ಹೀಗೆ: ಮೇಲೆ ಬರೆದ ಔಷಧಗಳಲ್ಲದೆ ರೋಗಿ ಬೇರೆ ಏನಾದರೂ ತೆಗೆದುಕೊಳ್ಳುತ್ತಾರೆಯೇ?

ರೋಗಿ ಎಂದರೆ ನನ್ನ ಆಯಿ, ಅಪ್ಪನ ತಾಯಿ, ದಾನವ್ವ. ಎಪ್ಪತ್ತನಾಲ್ಕು ವರ್ಷ. ಗದಗಿನಿಂದ ಸ್ಯಾನ್ ಮಟಿಯೋದ ದೊಡ್ಡಪ್ಪನ ಮನೆಗೆ ಬಂದು ಎರಡು ವರ್ಷವಾಗಿತ್ತು. ಎಂ.ಎಸ್. ಮುಗಿಸಿದ ಮೇಲೆ ನಾನೂ ಅದೇ ಮನೆಯ ಹಿಂಬದಿಯ ಕೋಣೆಯಲ್ಲಿದ್ದೆ. ದೊಡ್ಡಮ್ಮ ಡೇಕೇರಿನಲ್ಲಿ ಕೆಲಸ ಮಾಡುತ್ತಾರೆ, ದೊಡ್ಡಪ್ಪ ಬೆಳಿಗ್ಗೆ ಏಳಕ್ಕೇ ಆಫೀಸಿಗೆ ಹೊರಡುತ್ತಾರೆ. ಹಗಲು ಹೊತ್ತು ಮನೆಯಲ್ಲಿ ಉಳಿಯುವವರು ಆಯಿ ಮತ್ತು ನಾನು.

ನನ್ನದು ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಔಷಧ ಕಂಪನಿಯೊಂದಕ್ಕೆ ಗುತ್ತಿಗೆಯ ಕೆಲಸ. ವಾರಕ್ಕೆರಡು ದಿನ ರೈಲು ಹಿಡಿದು ಹೋಗಬೇಕು, ಉಳಿದ ದಿನ ಮನೆಯಿಂದಲೇ. ‘ನಿಮ್ಮ ಔಷಧ ತೆಗೆದುಕೊಂಡವರಿಗೆ ಹೀಗಾಯಿತು’ ಎಂದು ಎಲ್ಲೆಲ್ಲಿಂದಲೋ ಡಾಕ್ಟರುಗಳು ಬರೆದು ಕಳಿಸುವ ವರದಿಗಳನ್ನು ಓದಿ, ಅದರಲ್ಲಿರುವುದನ್ನು ಕಂಪ್ಯೂಟರಿನ ಚೌಕಗಳಿಗೆ ತುಂಬುತ್ತೇನೆ. ವಯಸ್ಸು, ಔಷಧ, ಎಷ್ಟು ದಿನ ತೆಗೆದುಕೊಂಡರು, ಏನಾಯಿತು, ಕೊನೆಗೆ ಏನಾಯಿತು. ಯಾರ ಜೊತೆಗೂ ಮಾತಾಡಬೇಕಾಗಿಲ್ಲ. ಅದಕ್ಕೇ ಆ ಕೆಲಸ ನನಗೆ ಒಗ್ಗಿತ್ತು.

ಆಯಿಗೆ ಕೆಮ್ಮು ಶುರುವಾದದ್ದು ಏಪ್ರಿಲ್ ಹೊತ್ತಿಗೆ. ಒಣ ಕೆಮ್ಮು. ಮೊದಲು ಹೂವಿನ ಪರಾಗವೆಂದರು, ಆಮೇಲೆ ಎಸಿ ಗಾಳಿ ಎಂದರು. ಆಗಸ್ಟ್ ಹೊತ್ತಿಗೆ ಬಾಗಿಲ ಮುಂದಿನ ಆರು ಮೆಟ್ಟಿಲು ಹತ್ತುವಾಗ ನಡುವೆ ಒಮ್ಮೆ ನಿಂತು, ಗೋಡೆಯ ಪಕ್ಕದ ಗುಲಾಬಿ ಗಿಡ ನೋಡುವವಳ ಹಾಗೆ ನಟಿಸತೊಡಗಿದಳು. ದೊಡ್ಡಪ್ಪ ಬೆರಳಿಗೆ ಕಚ್ಚಿಸಿ ರಕ್ತದ ಆಕ್ಸಿಜನ್ ತೋರಿಸುವ ಚಿಕ್ಕ ಕ್ಲಿಪ್ ತಂದರು. ತೊಂಬತ್ತೈದಕ್ಕಿಂತ ಕಡಿಮೆಯಾದರೆ ಹೇಳು ಎಂದರು. ಅವತ್ತೇ ಅದು ತೊಂಬತ್ತಮೂರು ತೋರಿಸಿತು.

ಶ್ವಾಸಕೋಶದ ಡಾಕ್ಟರ ಹತ್ತಿರ ಹೋದಾಗ ನರ್ಸು, ಕನ್ನಡದ ದುಭಾಷಿಯನ್ನು ಫೋನಿನಲ್ಲಿ ಕರೆಸುತ್ತೇವೆ, ಇಪ್ಪತ್ತು ನಿಮಿಷ ಕಾಯಬೇಕು ಎಂದಳು.

“ಏ, ಎದಕ್ಕ ಕಾಯೂದು? ನಮ್ಮ ಸ್ನೇಹಲ್ ಅದಾಳಲ್ಲ,” ಎಂದರು ದೊಡ್ಡಪ್ಪ ಗುರುಶಾಂತಪ್ಪ. “ನಾ ಹೊರಗ ಕುಂದರ್ತೀನಿ. ನಾ ಇದ್ರ ಅವ್ವ ಬಾಯಿ ಬಿಡಂಗಿಲ್ಲ.”

ಅದು ನಿಜ. ಡಾಕ್ಟರು ಮೈ ಮುಟ್ಟಿ ನೋಡುವಾಗ ಮಗ ಎದುರಿಗಿರಬಾರದು, ಮೈಯ ಮಾತು ಮಗನ ಕಿವಿಗೆ ಬೀಳಬಾರದು. ಆಯಿಯ ಈ ಕಟ್ಟಳೆಯನ್ನು ಮೂವತ್ತು ವರ್ಷ ಅಮೆರಿಕದಲ್ಲಿದ್ದ ದೊಡ್ಡಪ್ಪನೂ ಮೀರಿದವರಲ್ಲ.

“ಈಕಿ ಮಾತಾಡ್ತಾಳ?” ಎಂದು ಆಯಿ ನನ್ನ ಕಡೆ ಕೈ ಮಾಡಿ ನಕ್ಕಳು. “ಬಾಯಾಗ ಮುತ್ತ ಇಟ್ಕೊಂಡಾಳ, ಬಿದ್ದ ಹೋದಾವಂತ ಬಾಯಿ ತೆಗಿಯಂಗಿಲ್ಲ.”

ಡಾಕ್ಟರ್ ಲಿಯು ನಲವತ್ತರ ಆಸುಪಾಸಿನ, ಮೆತ್ತಗೆ ಮಾತಾಡುವ ಹೆಂಗಸು. ಆಯಿಯ ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಮನೆಯಲ್ಲಿ ಹಕ್ಕಿ ಸಾಕಿದ್ದಿರಾ? ಗೋಡೆಗೆ ಬೂಷ್ಟು ಹಿಡಿದಿದೆಯಾ? ಎಷ್ಟು ವರ್ಷ ಕಟ್ಟಿಗೆ ಒಲೆಯ ಮುಂದೆ ಕೂತಿದ್ದಿರಿ? ಕೇಳಿದ್ದನ್ನೆಲ್ಲ ನಾನು ಅತ್ತಿಂದಿತ್ತ ದಾಟಿಸಿದೆ. ಪಟ್ಟಿಯಲ್ಲಿ ಎರಡು ಗುಳಿಗೆಗಳಿದ್ದವು, ಬಿಪಿಯದೊಂದು, ಥೈರಾಯ್ಡಿನದೊಂದು.

“ಇವೆರಡೇನಾ? ಬೇರೆ ಏನಾದರೂ ಇದೆಯಾ?”

ನಾನು ಅದನ್ನು ಕನ್ನಡಕ್ಕೆ ತಿರುಗಿಸುವ ಮೊದಲೇ ಆಯಿಯ ಹಿಮ್ಮಡಿ ನನ್ನ ಪಾದದ ಮೇಲೆ ಬಿತ್ತು. ಪ್ರಶ್ನೆ ಅವಳಿಗೆ ಧ್ವನಿಯಲ್ಲೇ ಗೊತ್ತಾಗಿತ್ತು.

ಇಲ್ಲ ಎಂದೆ. ಎದೆಗೂ ಅದಕ್ಕೂ ಏನು ಸಂಬಂಧ ಎಂದುಕೊಂಡೆ. ಫಾರ್ಮಿನಲ್ಲಿ ಗುರುತನ್ನೂ ಹಾಕಿದೆ.

ಇದ್ದದ್ದು ಒಂದು ಹಳದಿ ಕ್ಯಾಪ್ಸೂಲ್.

ಹೋದ ಡಿಸೆಂಬರಿನಲ್ಲಿ ನಾನು ಎರಡು ವಾರಕ್ಕೆ ಗದಗಿಗೆ ಹೊರಟಾಗ ಆಯಿ ನನ್ನನ್ನು ಬಚ್ಚಲಮನೆಗೆ ಕರೆದು ಬಾಗಿಲು ಹಾಕಿದ್ದಳು. ಮೂತ್ರಕ್ಕೆ ಹೋದರೆ ಉರಿ, ಮತ್ತೆ ಮತ್ತೆ ಬರುತ್ತದೆ. ಊರಿನ ಡಾಕ್ಟರು ಒಂದು ಗುಳಿಗೆ ಕೊಟ್ಟಿದ್ದರು, ದಿನಕ್ಕೊಂದು ನುಂಗಿದರೆ ತಣ್ಣಗಿರುತ್ತದೆ. ತಂದದ್ದು ಮುಗಿಯುತ್ತ ಬಂದಿದೆ, ಜಗನ್ನಾಥನ ಮೆಡಿಕಲ್ಲಿನಲ್ಲಿ ಹೇಳಿದರೆ ಕೊಡುತ್ತಾನೆ. ಇಷ್ಟು ಹೇಳುವಾಗ ಅವಳು ಗೋಡೆ ನೋಡುತ್ತಿದ್ದಳು. ಆಮೇಲೆ ನನ್ನ ಬಲಗೈ ಎಳೆದು ತನ್ನ ಎದೆಯ ಮೇಲಿನ ಬೆಳ್ಳಿಯ ಕರಡಿಗೆಯ ಮೇಲೆ ಇಟ್ಟುಕೊಂಡಳು. ಅದರೊಳಗೆ ಅವಳ ಇಷ್ಟಲಿಂಗವಿದೆ. ಎಂಟು ವರ್ಷದವಳಿದ್ದಾಗ ಕಟ್ಟಿಸಿಕೊಂಡದ್ದು, ಅಂದಿನಿಂದ ಮೈ ಬಿಟ್ಟು ಹೋಗಿಲ್ಲ.

“ನಿಮ್ಮ ದೊಡ್ಡಪ್ಪನ ಮುಂದ, ಯಾರ ಮುಂದೂ ಅನ್ನಂಗಿಲ್ಲ. ಆಣಿ ಮಾಡು.”

ಮಾಡಿದೆ.

ಜಗನ್ನಾಥ ಒಂದು ವರ್ಷಕ್ಕೆ ಸಾಕಾಗುವಷ್ಟು ಕೊಟ್ಟ. “ಇದನ್ನ ಇಷ್ಟ ದಿನಾ ತಗೋಳೂದಲ್ಲ ತಂಗಿ, ಅಲ್ಲೆ ಡಾಕ್ಟರ್‌ಗೊಮ್ಮೆ ತೋರಿಸ್ರಿ,” ಎಂದ. ಹೂಂ ಎಂದೆ. ಸ್ಟ್ರಿಪ್ಪುಗಳಿದ್ದರೆ ಕಸ್ಟಮ್ಸಿನಲ್ಲಿ ಹಿಡಿಯುತ್ತಾರೆ ಎಂದು ಎಲ್ಲೋ ಕೇಳಿದ್ದೆ. ಒಂದು ಮಧ್ಯಾಹ್ನವಿಡೀ ಕೂತು ಕ್ಯಾಪ್ಸೂಲುಗಳನ್ನು ಒಂದೊಂದಾಗಿ ಒತ್ತಿ ತೆಗೆದು ಡಬ್ಬಿಗೆ ತುಂಬಿದೆ. ಅದನ್ನು ಶೇಂಗಾ ಚಟ್ನಿಯ ಪೊಟ್ಟಣದ ನಡುವೆ ಇಟ್ಟೆ. ಹೆಸರು, ಎಚ್ಚರಿಕೆಯ ಚೀಟಿ ಎಲ್ಲ ಗದಗಿನ ಕಸದ ಬುಟ್ಟಿಗೆ ಹೋದವು. ಜಗನ್ನಾಥನ ಮಾತನ್ನು ಆಯಿಗೆ ಹೇಳುವುದು ಮರೆತೆ. ನನ್ನ ಕೆಲಸವೇ ಔಷಧದ ಕೆಡುಕನ್ನು ಬರೆದಿಡುವುದಾಗಿದ್ದರೂ ಆ ಗುಳಿಗೆಯ ಚೀಟಿಯನ್ನು ಬಿಡಿಸಿ ಓದಬೇಕೆಂದು ಒಮ್ಮೆಯೂ ಅನ್ನಿಸಿರಲಿಲ್ಲ.

ಮುಂದಿನ ವಾರ ಸಿಟಿ ಸ್ಕ್ಯಾನ್.

“ಇದೇನವಾ, ಬೀಸೂ ಕಲ್ಲು ತಂದು ನಿಂದ್ರಿಸ್ಯಾರ?” ಎಂದಳು ಆಯಿ, ನಡುವೆ ತೂತಿದ್ದ ಆ ದೊಡ್ಡ ಬಿಳಿ ಬಳೆಯನ್ನು ನೋಡಿ.

ಸ್ಕ್ಯಾನ್ ಮಾಡುವವನು ಕೊರಳಿನ ಲೋಹವನ್ನೆಲ್ಲ ತೆಗೆಯಬೇಕೆಂದ. ಸರ ತೆಗೆದಳು. ಕರಡಿಗೆಯನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡಳು.

“ಇದನ್ನ ತಗದ್ರ ನಾ ಮನಿಗೆ ಹೊಂಟೆ ಅಂತ ಹೇಳು.”

ನಾನು ತಡವರಿಸುತ್ತ ವಿವರಿಸಿದೆ. ಅವನು ತಲೆ ಕೆರೆದುಕೊಂಡು, ಹೇಗೂ ಕೈಗಳನ್ನು ತಲೆಯ ಮೇಲಕ್ಕೆ ಚಾಚಿ ಮಲಗಬೇಕು, ಮಣಿಕಟ್ಟಿಗೆ ಕಟ್ಟಿಕೊಂಡರೆ ಚಿತ್ರದಲ್ಲಿ ಬರುವುದಿಲ್ಲ ಎಂದ. ದಾರವನ್ನು ಮೂರು ಸುತ್ತು ಸುತ್ತಿ ನಾನೇ ಕಟ್ಟಿದೆ. ಆಣೆ ಮಾಡಿದ ಮೇಲೆ ಅದನ್ನು ಮುಟ್ಟಿದ್ದು ಅವತ್ತೇ.

ಉಸಿರು ಹಿಡಿ, ಬಿಡು ಎಂದು ಹೇಳುವ ಯಂತ್ರದ ಧ್ವನಿಗೆ ನಾಲ್ಕಾರು ಭಾಷೆ ಬರುತ್ತಿತ್ತು. ಕನ್ನಡ ಬರುತ್ತಿರಲಿಲ್ಲ. ಅವನು ನನ್ನನ್ನು ಗಾಜಿನ ಈಚೆಯ ಕೋಣೆಗೆ ಕರೆದು ಮೈಕಿನ ಗುಂಡಿ ತೋರಿಸಿದ. ನಾನು ಬಗ್ಗಿ, ಯಾರಿಗೂ ಕೇಳದಷ್ಟು ಮೆಲ್ಲಗೆ ಹೇಳಿದೆ.

“ಆಯೀ, ಉಸರ ತಗೋ. ಹಿಡಿ.”

ಹಲಗೆ ಸರಿಯಿತು.

“ಬಿಡು.”

ಬೆನ್ನ ಮೇಲೆ ಮಲಗಿಸಿದ್ದಾಯಿತು. ಬೋರಲು ಮಲಗಿಸಿ ಮತ್ತೊಮ್ಮೆ ತೆಗೆಯಬೇಕೆಂದ. ಮಲಗಿದವರ ಶ್ವಾಸಕೋಶದ ಕೆಳಬದಿಯಲ್ಲಿ ಭಾರಕ್ಕೇ ಒಂದು ಮಬ್ಬು ಬರುವುದುಂಟಂತೆ. ಬೋರಲು ಹಾಕಿದರೆ ಅದು ಮಾಯವಾಗುತ್ತದೆ. ಮಾಯವಾಗದಿದ್ದರೆ ಅದು ಬೇರೆ. ಆಯಿಯನ್ನು ತಿರುಗಿಸಿದೆವು. ಹಿಡಿ ಎಂದೆ. ಎದುರಿನ ಪರದೆಯ ಮೇಲೆ ಚಿತ್ರಗಳು ಒಂದರ ಹಿಂದೊಂದು ಇಳಿಯತೊಡಗಿದವು. ಗಾಳಿ ತುಂಬಿದ ಶ್ವಾಸಕೋಶ ಕಪ್ಪಗೆ ಕಾಣಬೇಕು, ಅಷ್ಟು ನನಗೆ ಗೊತ್ತಿತ್ತು. ಆಯಿಯದರ ಅಂಚಿನುದ್ದಕ್ಕೂ ಯಾರೋ ವಿಭೂತಿಯ ಬೆರಳುಗಳನ್ನು ಎಳೆದ ಹಾಗೆ ಬೂದು. ಅದರೊಳಗೆ ಸಣ್ಣ ಸಣ್ಣ ಗೆರೆಗಳ ಬಲೆ. ಬೋರಲು ಹಾಕಿದರೂ ಅದು ಅಲ್ಲೇ ಇತ್ತು. ಇಳಿದಂತೆಲ್ಲ ದಟ್ಟವಾಗುತ್ತಿತ್ತು.

ಹೆಗಲಿಗೆ ತಟ್ಟಿದ್ದು ಎರಡನೆಯ ಸಲವಿರಬೇಕು. “ಬ್ರೀದ್, ಬ್ರೀದ್,” ಎನ್ನುತ್ತಿದ್ದ ಅವನು. ನಾನು ‘ಬಿಡು’ ಎನ್ನಲು ಮರೆತಿದ್ದೆ.

“ಬಿಡು ಆಯೀ!”

ಅವಳ ಕೆಮ್ಮು ಗಾಜಿನಾಚೆಯಿಂದಲೂ ಕೇಳಿಸಿತು.

“ನೀ ಬಿಡು ಅನ್ನಲಿಲ್ಲ, ನಾ ಬಿಡಲಿಲ್ಲ,” ಎಂದಳು ಕಾರಿನಲ್ಲಿ, ದಾರವನ್ನು ಮತ್ತೆ ಕೊರಳಿಗೆ ಹಾಕಿಕೊಳ್ಳುತ್ತ. “ಸಾಯೂತನಕಾನೂ ಹಿಡಕೊಂಡಿರ್ತಿದ್ದೆ ನೋಡ.” ನಗುತ್ತಲೇ ಹೇಳಿದಳು. ಅವತ್ತು ನನಗೆ ಡೈರಿಯಲ್ಲಿ ಏನೂ ಬರೆಯಲಾಗಲಿಲ್ಲ.

ಶನಿವಾರ ಬೆಳಿಗ್ಗೆ ವರದಿ ನನ್ನ ಫೋನಿಗೆ ಬಂತು. ದೊಡ್ಡಪ್ಪ ಅಡುಗೆಮನೆಯಲ್ಲಿ ಗಿರ್ಮಿಟ್ಟಿಗೆ ಉಳ್ಳಾಗಡ್ಡಿ ಹೆಚ್ಚುತ್ತಿದ್ದರು.

“ಓದು. ನೀ ಆ ಫೀಲ್ಡಿನಾಕಿ. ನನಗ ತಿಳಿಯೂ ಹಂಗ ಹೇಳು.”

“ಎರಡೂ ಕಡೆ ಶ್ವಾಸಕೋಶದಾಗ, ಕೆಳಗ... ಗಾಜು ಉಜ್ಜಿ ಮಸುಕು ಮಾಡಿದ್ರ ಹೆಂಗಿರ್ತದ, ಹಂಗ ಕಾಣ್ತದಂತ. ಒಂದಿಷ್ಟು ಕಡೆ ಗಾಯ ಮಾಯ್ದಂಗ ಗೆರಿ ಬಿದ್ದಾವಂತ.”

“ಕ್ಯಾನ್ಸರ್?”

“ಅಲ್ಲಂತ್ರಿ.”

“ಅಬ್ಬಾ, ಶಿವನ!” ಎಂದು ಅವರು ಚಾಕು ಕೆಳಗಿಟ್ಟು ಕಣ್ಣೊರೆಸಿಕೊಂಡರು. ಉಳ್ಳಾಗಡ್ಡಿಯ ಘಾಟಿಗೆ ಬಂದ ನೀರು ಎನ್ನುವ ಹಾಗೆ. “ಮತ್ತೇನರ ಬರದಾರ?”

“ಇಲ್ಲರಿ.”

ಬರೆದಿದ್ದರು. ಕೊನೆಯ ಸಾಲು ನನ್ನ ಹೆಬ್ಬೆರಳಿನ ಕೆಳಗಿತ್ತು. ಯಾವುದಾದರೂ ಔಷಧದಿಂದ ಶ್ವಾಸಕೋಶಕ್ಕೆ ಪೆಟ್ಟಾದಾಗಲೂ ಇಂಥ ಚಿತ್ರ ಬರಬಹುದು, ರೋಗಿ ತೆಗೆದುಕೊಂಡ ಎಲ್ಲ ಔಷಧಗಳನ್ನೂ ಪರಿಶೀಲಿಸುವುದು.

ಕೋಣೆಗೆ ಬಂದು ಡಿಸೆಂಬರಿನ ಡೈರಿ ತೆಗೆದೆ. ಸ್ಟ್ರಿಪ್ಪುಗಳನ್ನು ಎಸೆದಿದ್ದರೂ ನಾನು ಎಲ್ಲವನ್ನೂ ಬರೆದಿಡುವವಳು. ಇಪ್ಪತ್ತೆಂಟನೆಯ ತಾರೀಖಿನಡಿ ಜಗನ್ನಾಥನ ಅಂಗಡಿ, ಗುಳಿಗೆಯ ಹೆಸರು, ಅಕ್ಷರ ಅಕ್ಷರ: ನೈಟ್ರೊಫ್ಯುರಾಂಟಾಯಿನ್. ಆ ಹೆಸರನ್ನೂ ಶ್ವಾಸಕೋಶವನ್ನೂ ಒಟ್ಟಿಗೆ ಹಾಕಿ ಹುಡುಕಿದೆ. ಅರ್ಧ ನಿಮಿಷವೂ ಬೇಕಾಗಲಿಲ್ಲ. ವಯಸ್ಸಾದ ಹೆಂಗಸರು, ತಿಂಗಳುಗಟ್ಟಲೆ ದಿನಕ್ಕೊಂದು, ಒಣ ಕೆಮ್ಮು, ಮೆಟ್ಟಿಲು ಹತ್ತಿದರೆ ಏದುಸಿರು. ಪಕ್ಕದಲ್ಲಿ ಒಂದು ಸಿಟಿ ಚಿತ್ರ. ಬೂದು ಅಂಚು, ಬಲೆ. ಯಾರದೋ ಎದೆ. ನಾನು ಅದನ್ನು ಗಾಜಿನ ಕೋಣೆಯಲ್ಲಿ ನೋಡಿದ್ದೆ.

ಬೇಗ ನಿಲ್ಲಿಸಿದರೆ ಬಹಳ ಮಂದಿ ಸುಧಾರಿಸುತ್ತಾರೆ ಎಂದೂ ಅಲ್ಲಿತ್ತು. ‘ಬೇಗ’ ಎಂದರೆ ಎಷ್ಟು ಎಂದು ಇರಲಿಲ್ಲ.

ಭಾನುವಾರ ದೊಡ್ಡಪ್ಪ, ದೊಡ್ಡಮ್ಮ ಸರಟೋಗಾದಲ್ಲಿ ಯಾರದೋ ಗೃಹಪ್ರವೇಶಕ್ಕೆ ಹೋದರು. ಆಯಿ ಕಿಟಕಿಯ ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದಳು. ಮಡಿಲಲ್ಲಿ ಅವಳ ಸಂಚಿ, ನಾಲ್ಕು ಅರೆಗಳ ಬಟ್ಟೆಯ ಚೀಲ. ಒಂದರಲ್ಲಿ ಅಡಿಕೆ, ಒಂದರಲ್ಲಿ ಲವಂಗ, ಒಂದರಲ್ಲಿ ಕೀಲಿಕೈ, ಕಟ್ಟಕಡೆಯದರಲ್ಲಿ ಹಳದಿ ಗುಳಿಗೆ.

“ಆಯಿ, ಆ ಗುಳಿಗಿ ಬಿಡಬೇಕು. ನಿನ್ನ ಎದಿ ಅದರಿಂದಾನ ಕೆಟ್ಟೈತಿ.”

“ಯಾರಂದ್ರು?”

“ಓದೀನಿ.”

“ಓದೀದಿ! ಉರಿ ಕೆಳಗ, ಕೆಮ್ಮು ಮ್ಯಾಲ. ಅದಕ್ಕೂ ಇದಕ್ಕೂ ಯಾವ ದಾರಿ?”

“ಡಾಕ್ಟರ್‌ಗೆ ಹೇಳೂಣ. ಅವ್ರೂ ಹೆಂಗಸ ಅದಾರ.”

“ಹೆಂಗಸ ಕೇಳಿ ಕಂಪ್ಯೂಟರಿಗೆ ಹಾಕ್ತಾಳ. ಅದು ನಿಮ್ಮ ದೊಡ್ಡಪ್ಪನ ಕಣ್ಣಿಗೂ ಬೀಳ್ತದ. ನಾಳೆ ನನ್ನ ಮಗ ನನ್ನ ಮಾರಿ ನೋಡಿದಾಗೊಮ್ಮೆ ಅದನ್ನ ನೆನಸ್ತಾನ.” ಕೆಮ್ಮು ಬಂತು. ನಿಲ್ಲುವವರೆಗೆ ನನ್ನ ಮುಂಗೈ ಹಿಡಿದಿದ್ದಳು. ಹಿಡಿತ ಇನ್ನೂ ಗಟ್ಟಿಯಿತ್ತು. “ಲಿಂಗ ಮುಟ್ಟಿ ಅಂದೀದಿ ನೀನು. ಮರತ್ಯಾ?”

“ಮರತಿಲ್ಲ.”

“ಮತ್ತ?”

ನಾನು ಅತ್ತುಬಿಟ್ಟೆ. ಅಳುವುದು ನನಗೆ ಮಾತಿಗಿಂತ ಸುಲಭ. ಅವಳು ಸಂಚಿಯ ಕಟ್ಟಕಡೆಯ ಅರೆಯನ್ನು ನನ್ನ ಅಂಗೈಗೆ ಬೋರಲು ಹಾಕಿ ಕೊಡವಿದಳು.

“ತಗೋ. ಬಿಟ್ಟೆ. ಆತಿಲ್ಲ? ಈಗ ಹೇಳೂದು ಏನೂ ಉಳೀಲಿಲ್ಲ.”

ನಾನು ಅವನ್ನು ಲಕೋಟೆಗೆ ಹಾಕಿ ನನ್ನ ಡ್ರಾವರಿನಲ್ಲಿಟ್ಟೆ. ಎಷ್ಟೊಂದು ಹಗುರಾಯಿತು! ಚಟ್ನಿಯ ಪೊಟ್ಟಣದ ನಡುವೆ ಬಂದ ಡಬ್ಬಿ ಎಲ್ಲಿ ಎಂದು ಕೇಳಬೇಕೆಂದು ನನಗೆ ಹೊಳೆಯಲಿಲ್ಲ. ಹೊಳೆಯದಿರಲಿ ಎಂದು ನಾನೇ ಬಯಸಿದ್ದೆನೋ ಏನೋ.

ಸೋಮವಾರ ಡಾಕ್ಟರ್ ಲಿಯು ಅವರ ಸಂದೇಶ ಬಂತು. ಸ್ಕ್ಯಾನ್ ನೋಡಿದ್ದೇನೆ. ಔಷಧದ ಸಾಧ್ಯತೆಯನ್ನು ಇನ್ನೊಮ್ಮೆ ಖಚಿತ ಮಾಡಿಕೊಳ್ಳಬೇಕು. ನೀವು ಕೊಟ್ಟ ಪಟ್ಟಿ ಪೂರ್ತಿ ಇದೆಯೇ? ಆಂಟಿಬಯಾಟಿಕ್, ನಾಟಿ ಔಷಧ, ಊರಿನಿಂದ ತಂದದ್ದು?

ಈಗ ತೆಗೆದುಕೊಳ್ಳುತ್ತಿಲ್ಲವಲ್ಲ, ಹಾಗಾದರೆ ಸುಳ್ಳಲ್ಲ ಎಂದುಕೊಂಡೆ. ಹೌದು, ಪೂರ್ತಿ ಇದೆ, ಧನ್ಯವಾದ ಎಂದು ಬರೆದೆ. ಒಂದು ತಾಸಿನೊಳಗೆ ಉತ್ತರ ಬಂತು. ಹಾಗಿದ್ದರೆ ಕಾರಣ ತಿಳಿಯುತ್ತಿಲ್ಲ. ಪಕ್ಕೆಲುಬಿನ ಮಧ್ಯೆ ಕೊಯ್ದು ಶ್ವಾಸಕೋಶದ ಒಂದು ತುಣುಕು ತೆಗೆದು ಪರೀಕ್ಷಿಸಬೇಕು. ಈ ವಯಸ್ಸಿಗೆ, ಈ ಉಸಿರಿಗೆ, ಅದರಲ್ಲಿ ಅಪಾಯವಿದೆ. ಕುಟುಂಬದವರು ಮಾತಾಡಿಕೊಳ್ಳಿ.

ಕುಟುಂಬದವರು ಮಾತಾಡಿಕೊಂಡರು. ದೊಡ್ಡಪ್ಪ ಗದಗಿಗೆ ಫೋನ್ ಮಾಡಿ ಅಪ್ಪನನ್ನು ಕೇಳಿದರು. ಅಪ್ಪ “ನೀವ ನೋಡ್ರಿ ಅಣ್ಣಾ” ಎಂದ. ದೊಡ್ಡಮ್ಮ ಬೇಡ ಎಂದರು. ಆಯಿ, “ಕೊಯ್ಯೋರು ಕೊಯ್ಲಿ, ಕೆಮ್ಮು ನಿಂತ್ರ ಸಾಕು,” ಎಂದಳು. ಯಾರೂ ನನ್ನನ್ನು ಕೇಳಲಿಲ್ಲ. ನಾನು ಅನ್ನ ಬಡಿಸುತ್ತಿದ್ದೆ. ಆಪರೇಷನ್ನು ಮುಂದಿನ ವಾರದ ಬುಧವಾರಕ್ಕೆ ನಿಗದಿಯಾಯಿತು.

ಬೆರಳಿನ ಕ್ಲಿಪ್ಪು ಮಂಗಳವಾರ ತೊಂಬತ್ತೊಂದು ತೋರಿಸಿತು. ಶುಕ್ರವಾರ ಎಂಬತ್ತೊಂಬತ್ತು. ನಿಲ್ಲಿಸಿದರೂ ಒಂದಷ್ಟು ದಿನ ಹೀಗಿರುತ್ತದೆ ಎಂದು ನಾನು ನಂಬಿದೆ. ಮನೆಗೆ ಆಕ್ಸಿಜನ್ ಯಂತ್ರ ತಂದಿಟ್ಟರು. ಹಗಲೆಲ್ಲ ಅದರ ಗುಸುಗುಸು. ನಾನು ಕೆಲಸ ಮಾಡುತ್ತ ಕೂತರೆ ಬಾಗಿಲಿನಾಚೆ ಯಾರೋ ನನ್ನ ಬಗ್ಗೆ ಮಾತಾಡುತ್ತಿರುವ ಹಾಗೆ ಕೇಳುತ್ತಿತ್ತು.

ಸೋಮವಾರ ಆಫೀಸಿಗೆ ಹೋಗಿದ್ದೆ. ಅವತ್ತು ಬಂದ ವರದಿಗಳಲ್ಲಿ ಒಂದು ಬೇರೆಯೇ ಔಷಧದ್ದು, ಬೇರೆಯೇ ದೇಶದ್ದು. ಹೆಂಗಸು, ಎಪ್ಪತ್ತೊಂದು. ಶ್ವಾಸಕೋಶದಲ್ಲಿ ಮಸುಕು. ಎಂದಿನಂತೆ ಚೌಕದಿಂದ ಚೌಕಕ್ಕೆ ಹೋಗುತ್ತಿದ್ದೆ. ಜೊತೆಗೆ ತೆಗೆದುಕೊಳ್ಳುತ್ತಿದ್ದ ಇತರ ಔಷಧಗಳು: ಇಲ್ಲ ಎಂದು ಕುಟುಂಬದವರು ತಿಳಿಸಿದ್ದಾರೆ. ಕೊನೆಯ ಚೌಕ: ಮೃತಪಟ್ಟರು.

ಆ ಸಾಲನ್ನು ನಾನು ಈ ಒಂದು ವರ್ಷದಲ್ಲಿ ಎಷ್ಟು ಸಲ ಟೈಪ್ ಮಾಡಿದ್ದೇನೋ. ಕುಟುಂಬದವರು ಎಂದರೆ ಯಾರು ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಪರೀಕ್ಷೆಯ ಕೋಣೆಯಲ್ಲಿ ಯಾರೋ ಒಬ್ಬಳು, ಪಾದದ ಮೇಲೆ ಹಿಮ್ಮಡಿಯ ಭಾರ ಹೊತ್ತು, ತಲೆಯಾಡಿಸಿರಬೇಕು.

ಪಕ್ಕದ ಮೇಜಿನ ಸೋನಾಲಿ “ಏನಾಯ್ತೇ? ಮುಖ ಬಿಳುಚಿಕೊಂಡಿದೆ, ಊಟ ಮಾಡಿದ್ಯಾ?” ಎಂದು ಕೇಳಿದಳು.

“ಮಾಡಿದೆ,” ಎಂದೆ. ಮಾಡಿರಲಿಲ್ಲ. ಸುಳ್ಳು ಈಗ ನನಗೆ ಎಷ್ಟು ಸಲೀಸಾಗಿ ಬರುತ್ತಿತ್ತು.

ಬುಧವಾರ ಬೆಳಿಗ್ಗೆ ಏಳೂವರೆಗೆ ಆಸ್ಪತ್ರೆಯಲ್ಲಿರಬೇಕಿತ್ತು. ಆಯಿ ಸ್ನಾನ, ಲಿಂಗಪೂಜೆ ಮುಗಿಸಿ ಹಣೆಗೆ ವಿಭೂತಿ ಹಚ್ಚಿಕೊಂಡು ಇಳಕಲ್ ಸೀರೆಯಲ್ಲಿ ಸಿದ್ಧಳಾಗಿ ಕೂತಿದ್ದಳು. ಏನೂ ತಿನ್ನಬಾರದೆಂದು ಹೇಳಿದ್ದರು. ನಾನು ಮುಖ ತೊಳೆಯಲು ಅವಳ ಬಚ್ಚಲಮನೆಗೆ ಹೋದೆ.

ಆಯಿ ಫ್ಲಶ್ ಒತ್ತುವುದಿಲ್ಲ. ಒಮ್ಮೆಗೆ ಅಷ್ಟೊಂದು ನೀರು ಸುರಿಯುವುದನ್ನು ನೋಡಿದರೆ ಅವಳಿಗೆ ಹೊಟ್ಟೆ ಉರಿಯುತ್ತದೆ. ವಾರಕ್ಕೊಮ್ಮೆ ನಲ್ಲಿ ಬರುವ ಊರಿನವಳು. ಒಂದು ತಂಬಿಗೆ ಸುರಿದು ಬರುತ್ತಾಳೆ, ದೊಡ್ಡಮ್ಮ ಎಷ್ಟು ಬೈದರೂ ಅಷ್ಟೇ. ಆದ್ದರಿಂದ ಕಂಡಿತು. ಬಿಳಿ ಪಿಂಗಾಣಿಯ ತಳದಲ್ಲಿ, ತಂಬಿಗೆ ನೀರಿನಲ್ಲೂ ಪೂರ್ತಿ ಕರಗದೆ, ಚಹದ ಕಡು ಡಿಕಾಕ್ಷನ್ನಿನ ಬಣ್ಣ.

ಆ ಗುಳಿಗೆಯಿಂದ ಮೂತ್ರಕ್ಕೆ ಆ ಬಣ್ಣ ಬರುತ್ತದೆಂದು ನಾನು ಓದಿದ್ದೆ. ನಿಲ್ಲಿಸಿದ ಒಂದೆರಡು ದಿನಕ್ಕೆ ಹೋಗುತ್ತದೆಂದೂ ಓದಿದ್ದೆ. ನಿಲ್ಲಿಸಿದಳೆಂದು ನಾನು ನಂಬಿ ಹತ್ತು ದಿನವಾಗಿತ್ತು.

ಎಲ್ಲಿಟ್ಟಿದ್ದಾಳೆಂದು ಹುಡುಕಬೇಕಾಗಲಿಲ್ಲ. ಅವಳ ಕೋಣೆಯಲ್ಲಿ ಬೇರೆ ಯಾರೂ ಮುಟ್ಟದ ಜಾಗ ಒಂದೇ, ಪೂಜೆಯ ಮಣೆಯ ಪಕ್ಕದ ವಿಭೂತಿಯ ಡಬ್ಬಿ. ಮೇಲಿನ ವಿಭೂತಿ ಗಟ್ಟಿಯನ್ನು ಎತ್ತಿದರೆ ಕೆಳಗೆ ಬೂದಿ ಮೆತ್ತಿಕೊಂಡ ಹಳದಿ. ಅರ್ಧಕ್ಕಿಂತ ಜಾಸ್ತಿ ಖಾಲಿಯಾಗಿತ್ತು.

“ಸ್ನೇಹಲ್! ಟ್ರಾಫಿಕ್ ಸಿಗ್ತದವಾ, ಫ್ರೀವೇ ಈಗಾಗಲೇ ರೆಡ್ ತೋರಸಾಕತ್ತೈತಿ!” ದೊಡ್ಡಪ್ಪ ಕೂಗಿದರು.

ಒಂದು ಕ್ಯಾಪ್ಸೂಲನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಹೊರಗೆ ಬಂದೆ. ಕಾರಿನಲ್ಲಿ ಹೇಳುತ್ತೇನೆ ಎಂದುಕೊಂಡೆ. ಕಾರಿನಲ್ಲಿ ದೊಡ್ಡಪ್ಪ ವಚನ ಹಾಕಿದ್ದರು, ಆಯಿ ಕಣ್ಣು ಮುಚ್ಚಿದ್ದಳು. ಪಾರ್ಕಿಂಗಿನಲ್ಲಿ ಹೇಳುತ್ತೇನೆ ಎಂದುಕೊಂಡೆ. ಅಲ್ಲಿ ಗಾಲಿಕುರ್ಚಿ ಹುಡುಕಬೇಕಾಯಿತು. ಲಿಫ್ಟಿನಲ್ಲಿ ಬೇರೆಯವರಿದ್ದರು. ಹೀಗೆ ಒಂದೊಂದೇ ಬಾಗಿಲು ನಮ್ಮ ಹಿಂದೆ ಮುಚ್ಚಿಕೊಂಡಿತು.

ಒಳಗೆ ಆಯಿಗೆ ಹೂ ಚಿತ್ರದ ಆಸ್ಪತ್ರೆಯ ಅಂಗಿ ತೊಡಿಸಿದರು. ಅದರಲ್ಲಿ ಅವಳು ಯಾರೋ ಬೇರೆಯವಳ ಹಾಗೆ, ಬಹಳ ಚಿಕ್ಕವಳಾಗಿ ಕಂಡಳು. ಕರಡಿಗೆಯನ್ನು ಎಡ ಮಣಿಕಟ್ಟಿಗೆ ಕಟ್ಟಿಕೊಡು ಎಂದು ಕೈ ಚಾಚಿದಳು. ಕಟ್ಟಿದೆ. ಮುಷ್ಟಿ ಪೂರ್ತಿ ಬಿಚ್ಚದೆ ನಾನು ಗಂಟಿಗೆ ತಡಕಾಡಿದ್ದನ್ನು ನೋಡಿ, “ಕೊಯ್ಯೂದು ನನ್ನ, ನಡುಗೂದು ಈಕಿ,” ಎಂದು ದೊಡ್ಡಪ್ಪನಿಗೆ ಹೇಳಿದಳು. ದೊಡ್ಡಪ್ಪ ನಗಲು ಹೋಗಿ ಕೆಮ್ಮಿದರು.

ಒಪ್ಪಿಗೆಯ ಕಾಗದವಿರುವುದರಿಂದ ಈ ಸಲ ಮನೆಯವರು ದುಭಾಷಿಯಾಗುವುದು ನಡೆಯುವುದಿಲ್ಲವೆಂದರು. ಮಗನೂ ಎದುರಿಗಿರಬೇಕೆಂದರು. ಆಯಿ ಸೆರಗು ಎಳೆದುಕೊಳ್ಳುವ ಹಾಗೆ ಅಂಗಿಯ ಅಂಚನ್ನು ಕೊರಳಿನವರೆಗೆ ಎಳೆದುಕೊಂಡಳು. ನರ್ಸು ಗಾಲಿಯಿರುವ ಕಂಬಕ್ಕೆ ಸಿಕ್ಕಿಸಿದ ಪರದೆಯೊಂದನ್ನು ತಂದು ನಿಲ್ಲಿಸಿದಳು. ಅದರಲ್ಲಿ ಕನ್ನಡಕ ಹಾಕಿದ ಹೆಂಗಸೊಬ್ಬಳು ಮೂಡಿ ನಮಸ್ಕಾರ ಅಂದಳು. ಬೆಂಗಳೂರಿನ ಕನ್ನಡ. ಮಂಚದ ಕಾಲ್ದೆಸೆಗೆ ಡಾಕ್ಟರ್ ಲಿಯು ಕಾಗದ ಹಿಡಿದು ನಿಂತರು. ಅವರು ಕೇಳುವುದು, ಅವಳು ಹೇಳುವುದು, ಆಯಿ ಉತ್ತರಿಸುವುದು. ನನ್ನ ಅಗತ್ಯವೇ ಇರಲಿಲ್ಲ. ನಾನು ಗೋಡೆಗೆ ಒತ್ತಿಕೊಂಡು ನಿಂತೆ.

“ಅಮ್ಮಾ, ಈ ಆಪರೇಷನ್ ಯಾಕೆ ಅಂತ ನಿಮಗೆ ಗೊತ್ತಲ್ವಾ?”

“ಗೊತ್ತೈತ್ರಿ ತಂಗಿ.”

“ಉಸಿರಾಟ ಮೊದ್ಲೇ ಕಷ್ಟ ಇರೋದ್ರಿಂದ, ಆಮೇಲೆ ಕೆಲವು ದಿನ ಮೆಷೀನ್ ಮೇಲೆ ಇಡಬೇಕಾಗಬಹುದು. ಕೆಲವರಿಗೆ ಮೆಷೀನಿಂದ ಹೊರಗೆ ಬರೋಕೆ ಆಗ್ದೇ ಇರಬಹುದು. ಡಾಕ್ಟರು ಇದನ್ನ ನಿಮಗೆ ಹೇಳಲೇಬೇಕು ಅಂತಿದಾರೆ.”

ದೊಡ್ಡಪ್ಪ ಮಂಚದ ಕಂಬಿ ಹಿಡಿದುಕೊಂಡರು. ಆಯಿ ಮಾತ್ರ, ಹೊಲದ ಬೇಲಿಯಾಚೆಯಿಂದ ಯಾರೋ ಏನೋ ಕೂಗಿದಂತೆ ತಲೆಯಾಡಿಸಿದಳು.

“ಕೊನೇ ಪ್ರಶ್ನೆ ಅಮ್ಮಾ. ಬಿಪಿ ಮಾತ್ರೆ, ಥೈರಾಯ್ಡ್ ಮಾತ್ರೆ. ಇವೆರಡು ಬಿಟ್ಟು ಬೇರೆ ಯಾವ್ದಾದ್ರೂ ಮಾತ್ರೆ ತಗೋತಿದೀರಾ? ಈಗ ಆಗ್ಲಿ, ಮುಂಚೆ ಆಗ್ಲಿ?”

ಆಯಿ ಪರದೆಯ ಕಡೆ ನೋಡಲಿಲ್ಲ, ಮಗನ ಕಡೆಯೂ ನೋಡಲಿಲ್ಲ. ನೇರ ನನ್ನ ಕಡೆ ನೋಡಿದಳು. ಅವಳ ಬಲಗೈ ನಿಧಾನವಾಗಿ ಹೋಗಿ ಎಡ ಮಣಿಕಟ್ಟಿನ ಕರಡಿಗೆಯ ಮೇಲೆ ಕೂತಿತು.

“ಇಲ್ಲವಾ,” ಎಂದಳು.

ಪರದೆಯವಳು ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಡಾಕ್ಟರ್ ಲಿಯು ಕಾಗದದಲ್ಲಿ ಒಂದು ಚೌಕ ಹುಡುಕಿ ಪೆನ್ನು ಇಳಿಸಿದರು. ಬಿಡು ಎನ್ನುವವರೆಗೆ ಉಸಿರು ಹಿಡಿದುಕೊಂಡೇ ಇರುವವಳು ನನ್ನ ಆಯಿ. ಅದು ನನಗೆ ಗೊತ್ತಿತ್ತು. ಮುಷ್ಟಿಯಲ್ಲಿದ್ದ ಕ್ಯಾಪ್ಸೂಲು ಬೆವರಿಗೆ ಮೆತ್ತಗಾಗಿ ಅಂಗೈಗೆ ಅಂಟಿತ್ತು. ಬಿಚ್ಚಿದರೆ ಅಂಗೈಯೆಲ್ಲ ಹಳದಿ.

“ದೊಡ್ಡಪ್ಪಾ,” ಎಂದೆ. ನನ್ನ ಧ್ವನಿ ಇಷ್ಟು ದೊಡ್ಡದಿದೆಯೆಂದು ನನಗೇ ಗೊತ್ತಿರಲಿಲ್ಲ. ಪರದೆಯವಳೂ ತಿರುಗಿ ನೋಡಿದಳು. “ಆಯಿ ಇನ್ನೊಂದು ಗುಳಿಗಿ ತಗೋತಾಳ್ರಿ. ಇವತ್ತಿಗೂ ತಗೋತಾಳ. ತಂದು ಕೊಟ್ಟಾಕಿ ನಾನ.”